ಕೂದಲೆಳೆಯಷ್ಟು ಗೀರು

ಯಾವ ವಸ್ತುವನ್ನು ಕಂಡರೂ ಬಲಗೈಯ ತೋರುಬೆರಳನ್ನು ಮಡಿಚಿ, ಅದರ ಗೆಣ್ಣಿನಿಂದ ಎರಡು ಸಲ ಮೆಲ್ಲಗೆ ತಟ್ಟಿ, "ಎಷ್ಟು ವರ್ಷ ಆಯ್ತು ಇದಕ್ಕೆ?" ಎಂದು ಕೇಳುವುದು ಅವರ ಹುಟ್ಟುಗುಣವೋ, ಉದ್ಯೋಗದಿಂದ ಅಂಟಿಕೊಂಡ ಚಟವೋ ಎಂಬುದು ಅವರನ್ನು ಬಲ್ಲವರ ನಡುವೆ ಕೊನೆಗೂ ಇತ್ಯರ್ಥವಾಗದ ಪ್ರಶ್ನೆ. ಕುರ್ಚಿಯನ್ನು ತಟ್ಟಿ ಕೇಳುತ್ತಿದ್ದರು, ಕಿಟಕಿಯ ಚೌಕಟ್ಟನ್ನು ತಟ್ಟಿ ಕೇಳುತ್ತಿದ್ದರು, ಹೊಸ ಸ್ಕೂಟರನ್ನು ತೋರಿಸಲೆಂದು ಓಡಿಬಂದವನ ನಗುಮುಖದ ಎದುರೇ ಅದರ ಮಡ್‌ಗಾರ್ಡನ್ನು ತಟ್ಟಿ ಕೇಳುತ್ತಿದ್ದರು. ಒಮ್ಮೆ ನಮ್ಮ ಕಚೇರಿಯ ಗುಮಾಸ್ತರೊಬ್ಬರ ತಾಯಿ ತೀರಿಕೊಂಡಾಗ ಸಂತಾಪ ಹೇಳಲು ಹೋಗಿ, ಮಾತು ತೋಚದೆ ಬಹಳ ಹೊತ್ತು ಕೂತಿದ್ದು, ಕೊನೆಗೆ ಗೋಡೆಯ ಮೇಲಿದ್ದ ಆ ತಾಯಿಯ ಚಿತ್ರದ ಕಟ್ಟನ್ನು ತಟ್ಟಿ, "ಎಷ್ಟು ವರ್ಷ ಆಗಿತ್ತು?" ಎಂದುಬಿಟ್ಟರಂತೆ. ಎಂಬತ್ತೊಂದು ಎಂದಾಗ ತಲೆದೂಗಿ, "ಹ್ಞೂಂ, ಸವೆದಿರತ್ತೆ" ಎಂದು ಎದ್ದುಬಂದರಂತೆ.

ಅದು ಕ್ರೌರ್ಯವಾಗಿರಲಿಲ್ಲ, ಅವರಿಗೆ ಗೊತ್ತಿದ್ದ ಸಾಂತ್ವನದ ಭಾಷೆ ಅದೊಂದೇ ಆಗಿತ್ತು. ವಿಮಾ ಕಂಪನಿಗಳ ಪರವಾಗಿ ನಷ್ಟದ ಅಂದಾಜು ಮಾಡುವುದು ಅವರ ಉದ್ಯೋಗ. ಎಲ್ಲಿಯಾದರೂ ಅಂಗಡಿಯೊಂದು ಸುಟ್ಟರೆ, ಗೋದಾಮಿಗೆ ನೀರು ನುಗ್ಗಿದರೆ, ಯಂತ್ರವೊಂದು ಮುರಿದು ಬಿದ್ದರೆ, ಬೆಂಕಿ ಆರಿ, ಹೊಗೆ ಇಳಿದು, ಅಳುವವರು ಅತ್ತು ಮುಗಿಸಿದ ಮೇಲೆ ಇವರು ಹೋಗಬೇಕು. ಹೋಗಿ, ಹಾಳಾದದ್ದು ಏನು, ಹಾಳಾಗುವ ಮೊದಲೇ ಅದು ಎಷ್ಟು ಸವೆದಿತ್ತು, ಹಾಳಾದ ಮೇಲೂ ಅದರಲ್ಲಿ ಏನು ಉಳಿದಿದೆ ಎಂಬ ಮೂರು ಸಂಗತಿಗಳನ್ನು ಬರೆದುಕೊಡಬೇಕು. ಹತ್ತು ವರ್ಷದ ಕಪಾಟು ಸುಟ್ಟುಹೋದರೆ ಹೊಸ ಕಪಾಟಿನ ಬೆಲೆ ಸಿಕ್ಕುವುದಿಲ್ಲ. ಹತ್ತು ವರ್ಷದ ಸವಕಳಿಯನ್ನು ಕಳೆದು ಮಿಕ್ಕದ್ದಷ್ಟೇ ಸಿಕ್ಕುತ್ತದೆ. ಹೀಗೆ ಕಳೆಯುವುದರಲ್ಲಿ ಅವರದು ಎತ್ತಿದ ಕೈ. ಎದುರಿಗೆ 'ಸಾರ್' ಎನ್ನುತ್ತಿದ್ದ ಕಚೇರಿಯವರೆಲ್ಲ ಬೆನ್ನ ಹಿಂದೆ ಅವರನ್ನು 'ಸವಕಳಿ ಸಾಹೇಬರು' ಎನ್ನುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. ಬಿದ್ದ ದಿನ, "ತಪ್ಪೇನಿಲ್ಲ" ಎಂದಷ್ಟೇ ಹೇಳಿ ಕಡತದೊಳಕ್ಕೆ ತಲೆ ಹಾಕಿದ್ದರು. ಹನ್ನೊಂದು ವರ್ಷ ಅವರ ವರದಿಗಳನ್ನು ಟೈಪು ಮಾಡಿದವನು ನಾನು. ಅವರ ವಾಕ್ಯ ಎಲ್ಲಿ ತಿರುಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ನನಗೆ ನನ್ನ ಮನೆಯ ಮೆಟ್ಟಿಲಿನಷ್ಟೇ ಪರಿಚಿತ.

ನಡಿಗೆ ವಿಲಕ್ಷಣವಾಗಿತ್ತು. ಪ್ರತಿ ಹೆಜ್ಜೆಗೂ ಮೊದಲು ಕಾಲ್ಬೆರಳನ್ನು ಊರಿ, ನೆಲ ತಡೆಯುತ್ತದೆ ಎಂಬ ನಂಬಿಕೆ ಬಂದ ಮೇಲೆ ಹಿಮ್ಮಡಿ ಇಳಿಸುವುದು. ಯೌವನದಲ್ಲಿ ಸುಟ್ಟ ಕಟ್ಟಡವೊಂದರ ಅಟ್ಟದ ಹಲಗೆ ಕುಸಿದು ತೊಡೆಯ ತನಕ ಸಿಕ್ಕಿಕೊಂಡಿದ್ದರಂತೆ. ಅಂದಿನಿಂದ ಗಟ್ಟಿ ಸಿಮೆಂಟಿನ ಓಣಿಯಲ್ಲೂ ಭೂಮಿಯ ಮೇಲೆ ಅವರಿಗೆ ಪೂರ್ಣ ಭರವಸೆ ಇರಲಿಲ್ಲ. ಮೈಮೇಲೆ ಬೇಸಗೆಯಲ್ಲೂ ಬಿಡದ ಒಂದು ಕಂದು ಕೋಟು. ಅದರ ಒಳಜೇಬಿನಲ್ಲಿ ಅಳತೆಪಟ್ಟಿ, ಸೀಮೆಸುಣ್ಣದ ತುಂಡು, ಹಿತ್ತಾಳೆ ಅಂಚಿನ ಒಂದು ಭೂತಗನ್ನಡಿ. ನೂರಾರು ಬೆಂಕಿಗಳ ಬೂದಿಯನ್ನು ಹೊತ್ತು ಬಂದ ಆ ಕೋಟನ್ನು ಎಷ್ಟು ಒಗೆದರೂ ಕಮರು ವಾಸನೆ ಬಿಡುತ್ತಿರಲಿಲ್ಲ. "ಇವರು ಮನೆಗೆ ಬಂದರು ಅಂತ ಕರೆಗಂಟೆ ಹೇಳಬೇಕಿಲ್ಲ, ಮೂಗೇ ಹೇಳತ್ತೆ" ಎಂದು ಅವರ ಹೆಂಡತಿ ಗೊಣಗುತ್ತಿದ್ದರು. ನನಗೆ ಮದುವೆಯಾದಾಗ ಒಂದು ಗೋಡೆ ಗಡಿಯಾರವನ್ನು ಉಡುಗೊರೆ ಕೊಟ್ಟು, "ಐದು ವರ್ಷ ನಡೆಯತ್ತೆ ಕಣಯ್ಯಾ. ಆಮೇಲೆ ಯಾರನ್ನೂ ದೂರಬೇಡ" ಎಂದಿದ್ದರು. ಆರನೆಯ ವರ್ಷದ ಮೂರನೆಯ ತಿಂಗಳಲ್ಲಿ ಅದು ನಿಂತಿತು. ನಾನು ಯಾರನ್ನೂ ದೂರಲಿಲ್ಲ.

ಅವರ ವರದಿಗಳಲ್ಲಿ ಒಂದು ವಿಶೇಷವಿತ್ತು. ಬೇರೆಯವರು 'ಪೂರ್ತಿ ನಷ್ಟ' ಎಂದು ಒಂದೇ ಮಾತಿನಲ್ಲಿ ಮುಗಿಸುವ ಕಡೆಯಲ್ಲೂ ಇವರು 'ಉಳಿಕೆ' ಎಂಬ ಅಂಕಣವನ್ನು ಖಾಲಿ ಬಿಡುತ್ತಿರಲಿಲ್ಲ. ಬೂದಿಯನ್ನು ಕೆದಕಿ ಕೆದಕಿ ಒಂದು ಹಿತ್ತಾಳೆಯ ಕೀಲನ್ನೋ, ಕರಗದ ಒಂದು ಬೀಗವನ್ನೋ, ಅರ್ಧ ಬೆಂದ ತೊಲೆಯನ್ನೋ ಹೊರತೆಗೆದು ಅದಕ್ಕೊಂದು ಬೆಲೆ ಬರೆಯುತ್ತಿದ್ದರು. ಕಂಪನಿಯ ದುಡ್ಡು ಉಳಿಸುವ ಹುನ್ನಾರ ಇದು ಎಂದು ನಾನು ಮೊದಮೊದಲು ತಿಳಿದಿದ್ದೆ. ಕೇಳಿದಾಗ ಅವರು, "ಪೂರ್ತಿ ನಷ್ಟ ಅನ್ನೋದು ಇಲ್ಲವೇ ಇಲ್ಲ. ಹುಡುಕೋರಿಗೆ ಸೋಮಾರಿತನ, ಅಷ್ಟೇ" ಎಂದಿದ್ದರು. ಅವರ ಜೀವನದಲ್ಲಿ ಧರ್ಮ ಎನ್ನಬಹುದಾದದ್ದು ಏನಾದರೂ ಇದ್ದರೆ ಈ ಒಂದು ವಾಕ್ಯ.

ಇನ್ನೊಂದು ವಾಕ್ಯವೂ ಇತ್ತು. ಬಟ್ಟೆ ಹೊಲಿಯುವ ಒಬ್ಬಾಕೆಯ ಯಂತ್ರ ಮುರಿದು, ಕ್ಲೇಮು ಬಂದು, ಇವರು ನೋಡಲು ಹೋದರು, ನಾನೂ ಜೊತೆಗಿದ್ದೆ. ವಿಮೆ ಮಾಡಿಸುವಾಗ ತುಂಬಿದ ಅರ್ಜಿಯಲ್ಲಿ 'ಯಂತ್ರಕ್ಕೆ ಈಗಾಗಲೇ ಯಾವುದಾದರೂ ಹಾನಿ ಇದೆಯೇ?' ಎಂಬ ಪ್ರಶ್ನೆಗೆ ಆಕೆ ಎಲ್ಲರಂತೆ 'ಇಲ್ಲ' ಎಂದು ಬರೆದಿದ್ದಳು. ಇವರು ಭೂತಗನ್ನಡಿ ಹಿಡಿದು, ಯಂತ್ರದ ಕಂಠದಲ್ಲಿ ಬಣ್ಣದ ಕೆಳಗೆ ಮುಚ್ಚಿಹೋಗಿದ್ದ ಹಳೆಯ ಬೆಸುಗೆಯ ಗೆರೆಯೊಂದನ್ನು ಹುಡುಕಿದರು. ಅಲ್ಲಿಗೆ ಕ್ಲೇಮು ಬಿದ್ದುಹೋಯಿತು, ಪರಿಹಾರ ಸಿಗಲಿಲ್ಲ. ಆಕೆ ಅಳಲೂ ಇಲ್ಲ, ಬಯ್ಯಲೂ ಇಲ್ಲ. "ಕಾಣದೇ ಇರೋ ಹಾಗೆ ಇರೋಕೆ ಆಗ್ತಿರಲಿಲ್ವಾ ಸಾರ್ ನಿಮಗೆ?" ಎಂದು ಕೇಳಿದಳು. ಇವರು ಭೂತಗನ್ನಡಿಯನ್ನು ಕೋಟಿನ ತುದಿಯಿಂದ ಒರೆಸುತ್ತ, "ಕಂಡಮೇಲೆ ಹೇಗಮ್ಮಾ?" ಎಂದರು.

ಈ 'ಕಂಡಮೇಲೆ ಹೇಗೆ' ಎಂಬ ಮಾತೇ ಅವರ ಮನೆಯನ್ನೂ ಎರಡು ಮಾಡಿತ್ತು. ಅವರಿಗೊಬ್ಬ ತಮ್ಮ, ಛಾಯಾಗ್ರಾಹಕ. ಒಂದು ಕಿರುಬೀದಿಯ ಮೊದಲ ಮಹಡಿಯಲ್ಲಿ ಅವನ ಸ್ಟುಡಿಯೊ. ಅಣ್ಣ ಎಷ್ಟು ಬಿಗಿಯೋ ತಮ್ಮ ಅಷ್ಟು ಸಡಿಲ. ನಕ್ಕರೆ ಇಡೀ ಬೀದಿಗೆ ಕೇಳಬೇಕು. ಹತ್ತೊಂಬತ್ತು ವರ್ಷಗಳ ಹಿಂದೆ ಆ ಸ್ಟುಡಿಯೊ ಬೆಂಕಿಗೆ ಆಹುತಿಯಾಯಿತು. ಇಪ್ಪತ್ತು ವರ್ಷದ ನೆಗೆಟಿವ್‌ಗಳು, ಕ್ಯಾಮೆರಾಗಳು, ಊರಿನ ಅರ್ಧ ಜನರ ಮುಖಗಳು ಒಂದೇ ಮಧ್ಯಾಹ್ನದಲ್ಲಿ ಹೋದವು. ಸ್ವಂತ ತಮ್ಮನ ಕ್ಲೇಮನ್ನು ತಾನು ನೋಡಬಾರದೆಂದು ಇವರು ಹಿಂದೆ ಸರಿದರು. ಬೇರೊಬ್ಬ ಅಂದಾಜುಗಾರ ಬಂದ. ಬಂದವನು ಚಹಾ ಕುಡಿಯುತ್ತ, ಸಹೋದ್ಯೋಗಿಯೆಂಬ ಸಲುಗೆಯಿಂದ, "ವೈರಿಂಗ್ ಹೇಗಿತ್ತು ಸಾರ್, ನೀವೇನಾದ್ರೂ ನೋಡಿದ್ರಾ?" ಎಂದು ಕೇಳಿದ. ಬೆಂಕಿಗೆ ಒಂದು ವಾರ ಮುಂಚೆ ಅಲ್ಲಿಗೆ ಹೋಗಿದ್ದಾಗ, ದೊಡ್ಡ ದೀಪದ ವೈರು ನಡುವೆ ತುಂಡಾಗಿ, ಅದಕ್ಕೆ ಬಟ್ಟೆಯ ಟೇಪು ಸುತ್ತಿದ್ದನ್ನು ಇವರು ನೋಡಿದ್ದರು. ನೋಡಿದ್ದೆ ಎಂದರು. ವೈರಿಂಗ್ ಸುಸ್ಥಿತಿಯಲ್ಲಿರಬೇಕು ಎಂಬುದು ಪಾಲಿಸಿಯ ಷರತ್ತು. ಕ್ಲೇಮು ಬಿತ್ತು.

ಸುದ್ದಿ ತಿಳಿದ ಸಂಜೆ ತಮ್ಮ ಅಣ್ಣನ ಮನೆ ಬಾಗಿಲಿಗೆ ಬಂದು ನಿಂತಿದ್ದನಂತೆ. ಒಳಗೆ ಬರಲಿಲ್ಲ. "ಅಣ್ಣಾ, ನಿನ್ನ ಹತ್ರ ಯಾರೂ ಪ್ರಮಾಣ ಮಾಡಿಸಿರಲಿಲ್ಲ" ಎಂದ. ಇವರು ಹೇಳಿದ್ದು ಅದೇ, ಕಂಡಮೇಲೆ ಹೇಗೆ. ತಮ್ಮನು ತನ್ನ ಹೆಂಡತಿ, ಮಗಳನ್ನು ಕರೆದುಕೊಂಡು ನಾಲ್ಕು ಗಂಟೆ ದಾರಿಯ ಬೇರೆ ಊರಿಗೆ ಹೋಗಿ ಯಾರದೋ ಅಂಗಡಿಯಲ್ಲಿ ಸಂಬಳಕ್ಕೆ ನಿಂತ. ಹತ್ತೊಂಬತ್ತು ವರ್ಷ ಒಂದು ಮಾತಿಲ್ಲ, ಕತೆಯಿಲ್ಲ.

ಅವರ ನಿವೃತ್ತಿಯ ನಂತರವೂ ನಾನು ಆಗಾಗ ಅವರ ಮನೆಗೆ ಹೋಗುತ್ತಿದ್ದೆ. ಹೀಗೊಂದು ಬೆಳಿಗ್ಗೆ ಹೋದಾಗ ತಮ್ಮನ ಮಗಳು ಬಂದು ಕೂತಿದ್ದಳು. ಶಾಲೆಯೊಂದರಲ್ಲಿ ಪಾಠ ಹೇಳುವ, ಅಪ್ಪನ ಅಗಲ ಬಾಯಿಯನ್ನೇ ಪಡೆದು ಬಂದ ಹೆಣ್ಣುಮಗಳು. ಅವಳ ಅಪ್ಪನಿಗೆ ಗಂಟಲಿನ ಕಾಯಿಲೆ. ಶಸ್ತ್ರಚಿಕಿತ್ಸೆಯಲ್ಲಿ ದನಿ ಹೋಗಿತ್ತು, ಕಾಯಿಲೆ ಹೋಗಿರಲಿಲ್ಲ. ಈಗ ಗುಣವಾಗದ ರೋಗಿಗಳ ಆರೈಕೆ ಮನೆಯೊಂದರ ಕೋಣೆಯಲ್ಲಿದ್ದಾನೆ, ಏನಿದ್ದರೂ ಚೀಟಿಯಲ್ಲಿ ಬರೆದು ತೋರಿಸುತ್ತಾನೆ. "ದೊಡ್ಡಪ್ಪಾ, ಅಪ್ಪ ನಿಮಗೆ ದಿನಾ ಒಂದು ಫೋಟೋ ಕಳಿಸ್ತಾರಂತೆ. ಫೋಟೋ ಬರೋ ಫೋನ್ ಒಂದು ತಗೊಳ್ಳಿ" ಎಂದಳು. ಇವರು ಎದ್ದು ಕೋಟಿಗೆ ಕೈ ಹಾಕಿದರು. "ನಡಿ, ಈಗಲೇ ಬರ್ತೀನಿ." ಅವಳು ತಲೆ ತಗ್ಗಿಸಿ, "ಈಗ ಬೇಡ ದೊಡ್ಡಪ್ಪ. ಅವರಾಗೇ ಕರೀತಾರೆ. ಕರೆದಾಗ ಬನ್ನಿ" ಎಂದಳು. ಇವರು ಕೋಟನ್ನು ಮತ್ತೆ ಮೊಳೆಗೆ ಸಿಕ್ಕಿಸಿದರು. ಕರೆದಾಗ ಬರುವುದು ಎಂಬುದು ಆ ಕ್ಷಣದಿಂದ ಅವರ ಪಾಲಿಗೆ ಮಾತಾಗಿ ಉಳಿಯಲಿಲ್ಲ, ಷರತ್ತಾಯಿತು.

ಫೋನು ಕೊಳ್ಳಲು ನಾನೂ ಹೋಗಿದ್ದೆ. ಅಂಗಡಿಯವನು ಬಾಯಿ ತುಂಬ ನಗುವ, ಮಾತಿನಲ್ಲೇ ಮನೆ ಕಟ್ಟುವ ಮನುಷ್ಯ. ಇವರು ಗಾಜಿನ ಮೇಜನ್ನು ತಟ್ಟಿ ಅದರ ವಯಸ್ಸು ಕೇಳಿದ್ದಕ್ಕೂ ಅವನು ನಕ್ಕ. ಫೋನು ಆರಿಸಿದ್ದಾದ ಮೇಲೆ, "ವಿಮೆ ಮಾಡಿಸಿಬಿಡಿ ಸಾರ್. ಬಿದ್ರೂ ಸರಿ, ನೀರಿಗೆ ಬಿದ್ರೂ ಸರಿ, ಕಳುವಾದ್ರೂ ಸರಿ, ಕಣ್ಮುಚ್ಕೊಂಡು ಕೊಡ್ತಾರೆ" ಎಂದ. ಸವಕಳಿ ಸಾಹೇಬರು ಅಂದು ಒಮ್ಮೆ ನಕ್ಕದ್ದನ್ನು ನಾನು ಕಂಡೆ. "ಕಣ್ಮುಚ್ಕೊಂಡು ಕೊಡೋರನ್ನ ನಾನು ನೋಡಿಲ್ಲ. ಷರತ್ತಿನ ಹಾಳೆ ಕೊಡಿ." ಅಂಗಡಿಯವನಿಗೆ ಅಂಥದೊಂದು ಹಾಳೆ ಇರುವುದೇ ಗೊತ್ತಿರಲಿಲ್ಲ, ಮೇಜಿನ ಖಾನೆಗಳನ್ನೆಲ್ಲ ಎಳೆದು ಹುಡುಕಿ ಒಂದು ಮಡಿಕೆಬಿದ್ದ ಪುಸ್ತಿಕೆಯನ್ನು ಕೊಟ್ಟ. ಹದಿನೈದು ದಿನದೊಳಗೆ ಯಾವಾಗ ಬೇಕಾದರೂ ಮಾಡಿಸಬಹುದು ಎಂದು ಅದರಲ್ಲಿತ್ತು. ಇವರು ಅದನ್ನು ಕೋಟಿನ ಒಳಜೇಬಿಗೆ ಸೇರಿಸಿದರು.

ಆಮೇಲಿನ ಹದಿನೈದು ದಿನ ಅವರು ಎಣಿಸಿದ ಮೀನಮೇಷವನ್ನು ನೆನೆದರೆ ನಗು ಬರಬೇಕು, ಬರುವುದಿಲ್ಲ. ಬೆಂಕಿ ಬಿದ್ದ ಗಿರಣಿಯ ಕಡತವನ್ನು ಓದುವಂತೆ ಆ ಪುಸ್ತಿಕೆಯನ್ನು ಪೆನ್ಸಿಲು ಹಿಡಿದು ಓದಿದರು. ಅಂಚಿನಲ್ಲಿ ಟಿಪ್ಪಣಿ ಬರೆದರು. ಫೋನು ಹಾಳಾದರೆ ಬೇರೆಯದು ಕೊಡುತ್ತಾರೆ, ಆದರೆ ಹತ್ತು ದಿನ ಹಿಡಿಯುತ್ತದೆ. ಆ ಹತ್ತು ದಿನದಲ್ಲಿ ಅವನು ಕರೆದರೆ? ವಿಮೆ ಇಲ್ಲದೆ ಹಾಳಾದರೆ? ಇನ್ನೊಂದು ಕೊಂಡರಾಯಿತು, ಆದರೆ ಹಳೆಯದರೊಳಗಿನ ಚಿತ್ರಗಳು? ಅವು ವಿಮೆಯಿದ್ದರೂ ಬರುವುದಿಲ್ಲ. ನಾಲ್ಕನೆಯ ಪುಟದಲ್ಲಿ ಸ್ಪಷ್ಟವಾಗಿದೆ. "ಇದು ಡಬ್ಬಿಗೆ ವಿಮೆ ಕಣಯ್ಯಾ. ಒಳಗಿರೋದಕ್ಕಲ್ಲ" ಎಂದರು ನನಗೆ. ಹಾಗಾದರೆ ಬಿಡಿ ಸಾರ್ ಎಂದೆ. "ಡಬ್ಬಿ ಇಲ್ದಿದ್ರೆ ಅವನು ಎಲ್ಲಿಗೆ ಕಳಿಸ್ತಾನೆ?" ಎಂದು ತಿರುಗಿ ಕೇಳಿದರು. ಅವರ ಹೆಂಡತಿ ಕಡ್ಡಿ ಮುರಿದಂತೆ ಹೇಳಿದರು: "ಫೋನಿಗೆ ವಿಮೆ ಮಾಡಿಸೋ ಬದಲು ಒಂದ್ಸಲ ಹೋಗಿ ಬಂದುಬಿಡಿ. ನಾಲ್ಕು ಗಂಟೆ ದಾರಿ." ಇವರು, "ಕರೆದಿಲ್ಲ" ಎಂದರು.

ಚಿತ್ರಗಳು ಬರುತ್ತಿದ್ದವು. ದಿನವೂ ಬೆಳಿಗ್ಗೆ ಏಳೂವರೆಗೆ ಒಂದು, ಅಕ್ಷರವಿಲ್ಲದೆ. ಮೊದಲ ದಿನ ಕಿಟಕಿಯ ಸರಳು. ಎರಡನೆಯ ದಿನ ತೊಟ್ಟಿಕ್ಕುವ ಒಂದು ನಲ್ಲಿ, ಹನಿ ಬೀಳುವುದಕ್ಕೆ ಮುಂಚಿನ ಗಳಿಗೆಯಲ್ಲಿ. ಮೂರನೆಯ ದಿನ ಹಾಸಿಗೆಯ ಮೇಲೆ ಬಿದ್ದ ಬಿಸಿಲು. ಉತ್ತರವಾಗಿ ಏನು ಕಳಿಸಬೇಕೆಂದು ತಿಳಿಯದೆ ಇವರು ನಾಲ್ಕನೆಯ ದಿನ ಮನೆಯ ಮುಂದಿನ ಬೀದಿಯ ಚಿತ್ರ ತೆಗೆದರು. ತೆಗೆದದ್ದರಲ್ಲಿ ಮುಕ್ಕಾಲು ಪಾಲು ಅವರ ಹೆಬ್ಬೆರಳೇ ಇತ್ತು. ಹಾಗೆಯೇ ಕಳಿಸಿದರು. ಮರುದಿನ ಏಳೂವರೆಗೆ ತಮ್ಮನಿಂದ ಬಂದದ್ದು ಅವನ ಹೆಬ್ಬೆರಳಿನ ಚಿತ್ರ, ಪ್ರತಿಯೊಂದು ಗೆರೆಯೂ ಕಾಣುವಂತೆ, ಅರಸರ ಭಾವಚಿತ್ರ ತೆಗೆಯುವ ಠೀವಿಯಲ್ಲಿ ತೆಗೆದದ್ದು. ಅದನ್ನು ನನ್ನ ಮುಂದೆ ಹಿಡಿದರು. "ನೋಡು, ಬೆರಳಿಗೂ ಬೆಳಕು ಹೇಗೆ ಬಿಟ್ಟಿದ್ದಾನೆ" ಎಂದರು. ಅದರ ವಯಸ್ಸು ಕೇಳಲಿಲ್ಲ.

ಒಂಬತ್ತನೆಯ ದಿನ ಬಂದ ಚಿತ್ರ ಅವರನ್ನು ಹಾಸಿಗೆ ಹಿಡಿಸುವುದೊಂದೇ ಬಾಕಿ ಇತ್ತು. ಆರೈಕೆ ಮನೆಯ ಮಂಚದ ಬದಿಯ ದೀಪದ ವೈರು; ನಡುವೆ ತುಂಡಾಗಿದ್ದ ಕಡೆ ಬಟ್ಟೆಯ ಟೇಪು ಸುತ್ತಿದೆ. ಅಂದು ಮಧ್ಯಾಹ್ನ ನಾನು ಹೋದಾಗ ಅವರು ಊಟ ಮಾಡಿರಲಿಲ್ಲ. ಫೋನನ್ನು ಮೇಜಿನ ಮೇಲಿಟ್ಟು, ಪರದೆಗೆ ಭೂತಗನ್ನಡಿಯನ್ನು ಒತ್ತಿ ಹಿಡಿದು, ಆ ಟೇಪಿನ ಸುತ್ತುಗಳನ್ನು ಒಂದೊಂದಾಗಿ ನೋಡುತ್ತಿದ್ದರು. "ಬಯ್ತಿದ್ದಾನೋ, ತಮಾಷೆ ಮಾಡ್ತಿದ್ದಾನೋ, ನೀನು ಹೇಳು" ಎಂದರು. ಅಲ್ಲಿದ್ದದ್ದನ್ನು ತೆಗೆದು ಕಳಿಸಿರಬೇಕು ಸಾರ್ ಎಂದೆ. "ಅವನು ಹಾಗೆ ತೆಗೆಯೋನಲ್ಲ" ಎಂದರು. ಆಮೇಲೆ ಮೇಜಿನ ಕೆಳಗೆ ಬಗ್ಗಿದರು. ಅವರು ಮೂವತ್ತು ವರ್ಷ ವರದಿ ಬರೆದ ಮೇಜುದೀಪದ ವೈರು ಅಲ್ಲಿ ಗೋಡೆಯ ಗುಂಟ ಹೋಗಿತ್ತು. ಗೋಡೆ ತಿರುಗುವಲ್ಲಿ ಅದಕ್ಕೂ ಒಂದು ಗಂಟು, ಗಂಟಿನ ಮೇಲೆ ಮಾಸಿದ ಬಟ್ಟೆಯ ಟೇಪು. ನಾನು ಬೆರಗಾಗಿ ನೋಡಿದೆ. ಆ ದೀಪದ ಬೆಳಕಿನಲ್ಲೇ, ನಾನು ಹನ್ನೊಂದು ವರ್ಷ ಟೈಪು ಮಾಡಿದ ವರದಿಗಳನ್ನು ಅವರು ತಿದ್ದಿದ್ದರು. "ನಿಮಗೆ ಗೊತ್ತಿತ್ತಾ ಸಾರ್?" ಎಂದೆ. "ಸುತ್ತಿದೋನು ನಾನೇ" ಎಂದರು. ಮಂಡಿಯೂರಿ ಕೂತು, ಈ ಸಲ ಹೆಬ್ಬೆರಳನ್ನು ಎಚ್ಚರದಿಂದ ಪಕ್ಕಕ್ಕಿಟ್ಟು, ಅದರ ಚಿತ್ರ ತೆಗೆದು ತಮ್ಮನಿಗೆ ಕಳಿಸಿದರು. ಹತ್ತೊಂಬತ್ತು ವರ್ಷ ಬಾಯಿಗೆ ಬಾರದಿದ್ದದ್ದು ಹಾಗೆ ಹೋಯಿತು.

ಮರುದಿನ ಬಂದದ್ದು ಏನೂ ಅಲ್ಲದ ಒಂದು ಚಿತ್ರ: ಬಿಳಿ ಗೋಡೆ, ಅದೂ ಕಲಸಿಹೋಗಿದೆ, ಗೆರೆಗಳೆಲ್ಲ ಎರಡೆರಡಾಗಿವೆ. ನಾನು ಕೆಟ್ಟ ಚಿತ್ರ ಎಂದುಕೊಂಡೆ. ಅವರು ನೂರು ಬೆಂಕಿಗಳ ಕಾರಣ ಹುಡುಕಿದ ಕಣ್ಣಿನಿಂದ ಅದನ್ನು ನೋಡಿ, ಮೆಲುದನಿಯಲ್ಲಿ, "ಅವನ ಕೈ ಅಲ್ಲಾಡಿದೆ. ಅವನ ಕೈ ಯಾವತ್ತೂ ಅಲ್ಲಾಡಲ್ಲ. ನಕ್ಕಿದ್ದಾನೆ" ಎಂದರು. ಅಂದು ಅವರ ಮನೆಯಲ್ಲಿ ಚಹಾ ಎರಡು ಸಲ ಆಯಿತು.

ಹೀಗೆ ಹದಿನೈದನೆಯ ದಿನ ಬಂತು. ಕಳೆದುಕೊಳ್ಳಲು ಏನೂ ಇಲ್ಲದಾಗ ಯೋಚಿಸುತ್ತಿದ್ದವರು, ಕಳೆದುಕೊಳ್ಳಲು ಇಷ್ಟು ಸಿಕ್ಕಿದ ಮೇಲೆ ಹೆದರಿದರು. ಬೆಳಗಿನ ಚಿತ್ರವನ್ನು ನೋಡಿಕೊಂಡು, ಕೋಟು ತೊಟ್ಟು, ನನ್ನನ್ನು ಕರೆದುಕೊಂಡು ಅಂಗಡಿಗೆ ನಡೆದರು. ಅಂಗಡಿಯವನು ಅರ್ಜಿ ಮುಂದಿಟ್ಟ. ಏಳನೆಯ ಪ್ರಶ್ನೆ ನನಗೂ ಬಾಯಿಪಾಠವಿತ್ತು: 'ಉಪಕರಣಕ್ಕೆ ಈಗಾಗಲೇ ಯಾವುದಾದರೂ ಹಾನಿ ಇದೆಯೇ?' ಅವರು ಫೋನನ್ನು ಬೆಳಕಿಗೆ ಹಿಡಿದು, ವಾಲಿಸಿ, ಭೂತಗನ್ನಡಿ ತೆಗೆದರು. ಪರದೆಯ ಬಲಗಡೆಯ ಕೆಳಮೂಲೆಯಲ್ಲಿ ಒಂದು ಗೀರಿತ್ತು. ಒಂಬತ್ತನೆಯ ದಿನ ಆ ವೈರಿನ ಚಿತ್ರದ ಮೇಲೆ ಒತ್ತಿ ಹಿಡಿದ ಭೂತಗನ್ನಡಿಯ ಹಿತ್ತಾಳೆ ಅಂಚೇ ಅದನ್ನು ಎಳೆದಿತ್ತು. ಅರ್ಜಿಯಲ್ಲಿ 'ಹೌದು' ಎಂದು ಬರೆದು, ಕೆಳಗೆ ದುಂಡಗಿನ ಅಕ್ಷರಗಳಲ್ಲಿ ವಿವರಿಸಿದರು: ಬಲಗಡೆಯ ಕೆಳಮೂಲೆಯಲ್ಲಿ, ಅರ್ಧ ಬೆರಳು ಉದ್ದದ, ಕೂದಲೆಳೆಯಷ್ಟು ಗೀರು, ಕಾರಣ, ಮಾಲೀಕನ ಅಜಾಗರೂಕತೆ.

ಅಂಗಡಿಯವನು ತಲೆ ಕೆರೆದುಕೊಂಡ. "ಸಾರ್, ಇದು ಯಾರಿಗೂ ಕಾಣಲ್ಲ. ಇಲ್ಲ ಅಂತ ಹಾಕಿ, ಐದು ನಿಮಿಷದಲ್ಲಿ ಮುಗಿಯತ್ತೆ. ಹೌದು ಅಂದ್ರೆ ಫೋನ್ ತಪಾಸಣೆಗೆ ಹೋಗಬೇಕು. ಎರಡು ದಿನ ನಿಮ್ಮ ಕೈಗೆ ಸಿಗಲ್ಲ."

"ಕಾಣತ್ತೆ."

"ಯಾರಿಗೆ ಸಾರ್?"

"ನಾಳೆ ಇದು ಒಡೆದ್ರೆ ನನ್ನಂಥೋನೇ ಒಬ್ಬ ಬರ್ತಾನೆ. ಅವನಿಗೆ ಕಾಣತ್ತೆ."

ಎರಡು ದಿನ ಎಂಬ ಮಾತಿಗೆ ಅವರು ತಡೆದರು, ಅದನ್ನು ನಾನು ಮರೆಮಾಚಬಾರದು. ಪೆನ್ನು ಹಿಡಿದ ಕೈ ಅರ್ಜಿಯ ಮೇಲೆ ನಿಂತಿತ್ತು. ನನ್ನ ಕಡೆ ನೋಡಿದರು. ಎಷ್ಟೋ ವರದಿಗಳ ಕೊನೆಯಲ್ಲಿ ಹೀಗೆ ನೋಡಿದ್ದರು, ಆಗೆಲ್ಲ ನಾನು ಸುಮ್ಮನಿರುತ್ತಿದ್ದೆ. ಅಂದು ಬಾಯಿಬಿಟ್ಟೆ. "ಎರಡು ದಿನ ತಾನೇ ಸಾರ್, ಏನಾಗತ್ತೆ?" ಎಂದೆ. ಅವರು ಸಹಿ ಹಾಕಿದರು. ಸಿಮ್ಮನ್ನು ತೆಗೆಸಿ ಹಳೆಯ ಗುಂಡಿಗಳ ಫೋನಿಗೆ ಹಾಕಿಸಿಕೊಂಡರು, ಕರೆ ಬಂದರೆ ಇರಲಿ ಎಂದು. ಆ ಫೋನಿಗೆ ಚಿತ್ರ ಬರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ನಡುವೆ ರಜೆ ಬಂದು ಎರಡು ದಿನ ನಾಲ್ಕಾಯಿತು. ಮೂರನೆಯ ದಿನ ಬೆಳಿಗ್ಗೆ ಹಳೆಯ ಫೋನು ಗುಣುಗುಣು ಎಂದಿತು. ತಮ್ಮನ ಮಗಳು. "ದೊಡ್ಡಪ್ಪಾ, ಅಪ್ಪ ಹೋದ್ರು" ಎಂದಳು.

ಆ ನಾಲ್ಕು ಗಂಟೆಯ ದಾರಿಯನ್ನು ಅವರು ಹತ್ತೊಂಬತ್ತು ವರ್ಷದ ಮೇಲೆ ಕ್ರಮಿಸಿದರು; ಅವರ ಹೆಂಡತಿ ಮತ್ತು ನಾನು ಜೊತೆಗಿದ್ದೆವು. ಆರೈಕೆ ಮನೆಯ ಉದ್ದನೆಯ ಕಾರಿಡಾರಿನಲ್ಲಿ ಕಾಲ್ಬೆರಳೂರಿ ಕಾಲ್ಬೆರಳೂರಿ ನಡೆಯುತ್ತಿದ್ದ ಅವರನ್ನು ದಾಟಿ ಎರಡು ಸಲ ಯಾರು ಯಾರೋ ಮುಂದೆ ಹೋದರು. ಕೋಣೆಯಲ್ಲಿ ಮಂಚದ ಪಕ್ಕಕ್ಕೆ ಒಂದು ಕುರ್ಚಿಯನ್ನು ಹತ್ತಿರ, ಬಹಳ ಹತ್ತಿರ ಎಳೆದಿಟ್ಟಿದ್ದರು. ಯಾರೂ ಅದರಲ್ಲಿ ಕೂತಿರಲಿಲ್ಲ. ತಮ್ಮನ ಮಗಳು ಕಣ್ಣೊರೆಸಿಕೊಂಡು, "ಎರಡು ದಿನ ಈ ಕುರ್ಚಿ ತೆಗೆಯೋಕೆ ಬಿಡಲಿಲ್ಲ ದೊಡ್ಡಪ್ಪ. ಗುಡಿಸೋರಿಗೂ ಬಿಡಲಿಲ್ಲ. ಅವರು ಕಳಿಸಿದ್ದು ನೀವು ನೋಡಲಿಲ್ವಾ?" ಎಂದಳು.

"ಫೋನು ತಪಾಸಣೆಗೆ ಹೋಗಿತ್ತು" ಎಂದರು.

"ನಾನೇ ಫೋನ್ ಮಾಡ್ತೀನಿ ಅಂದೆ. ಬೇಡ ಅಂದ್ರು. 'ನೋಡಿರ್ತಾನೆ. ಬರೋದಾದ್ರೆ ಬರ್ತಾನೆ' ಅಂತ ಬರೆದು ತೋರಿಸಿದ್ರು." ಅವಳ ದನಿಯಲ್ಲಿ ಆರೋಪವಿರಲಿಲ್ಲ, ಅದೇ ಹೆಚ್ಚು ಕಷ್ಟವಾಗಿತ್ತು. ಹಟದಲ್ಲಿ ಅಣ್ಣತಮ್ಮಂದಿರು ಒಂದೇ ಅಚ್ಚು. ಇವರು ಕುರ್ಚಿಯ ಬಳಿ ಹೋಗಿ, ಅಭ್ಯಾಸಬಲದಿಂದ ತೋರುಬೆರಳನ್ನು ಮಡಿಚಿದರು, ತಟ್ಟಲಿಲ್ಲ. ಅದರಲ್ಲಿ ಕೂರಲೂ ಇಲ್ಲ. ಮಂಚದ ಬದಿಯಲ್ಲಿ ಟೇಪು ಸುತ್ತಿದ ವೈರಿನ ದೀಪ ಹಗಲಿನಲ್ಲೂ ಉರಿಯುತ್ತಿತ್ತು.

ಊರಿಗೆ ಬಂದ ಮೇಲೆ ಫೋನನ್ನು ತರಲು ಹೋದೆವು. ಅಂಗಡಿಯವನಿಗೆ ಏನೂ ತಿಳಿಯದು, ಪಾಪ. "ಪಾಸಾಯ್ತು ಸಾರ್, ಗೀರನ್ನ ಬಿಟ್ಟು ಮಿಕ್ಕಿದ್ದಕ್ಕೆಲ್ಲ ವಿಮೆ ಇದೆ. ಇನ್ನು ನಿಮಗೆ ಯಾವ ಚಿಂತೆನೂ ಇಲ್ಲ" ಎಂದು ಪತ್ರವನ್ನೂ ಫೋನನ್ನೂ ಕೈಗಿಟ್ಟ. ಸಿಮ್ಮನ್ನು ಮತ್ತೆ ಅದಕ್ಕೆ ಹಾಕಿಸಿಕೊಂಡು, ಅಂಗಡಿಯ ಮೆಟ್ಟಿಲ ಮೇಲೆ ನಿಂತು ಇವರು ಅದನ್ನು ತೆರೆದರು. ಎರಡು ಚಿತ್ರಗಳು ಒಂದರ ಹಿಂದೊಂದು ಬಂದು ಬಿದ್ದವು. ಮೊದಲನೆಯದು ಫೋನು ಕೊಟ್ಟ ಮರುದಿನದ್ದು, ಏಳೂವರೆಯದು: ಮಲಗಿದಲ್ಲಿಂದಲೇ ತೆಗೆದ ಕುರ್ಚಿ, ಖಾಲಿ, ಅದರ ಮೇಲೆ ಕಿಟಕಿಯ ಬೆಳಕು ಯಾರೋ ಕೂತಿರುವಷ್ಟು ಜಾಗದಲ್ಲಿ ಬಿದ್ದಿದೆ. ಅದರ ಕೆಳಗೆ, ಇಷ್ಟು ದಿನಗಳಲ್ಲಿ ಮೊದಲ ಸಲ, ಒಂದು ಅಕ್ಷರ: ಬಾ. ಎರಡನೆಯದು ಅದರ ಮರುದಿನದ್ದು. ಅದೇ ಕುರ್ಚಿ. ಕೆಳಗೆ ಏನೂ ಇಲ್ಲ.

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎಂದು ಗಾದೆ ಹೇಳುವುದು ಸುಲಭ. ಮುಚ್ಚಿಕೊಳ್ಳಿ, ಏನಾಗತ್ತೆ ಎಂದವನು ನಾನು. ಅದನ್ನು ಅವರೊಂದಿಗೆ ಹೇಳಿಕೊಳ್ಳಬೇಕೆಂದು ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದರು. ಆಮೇಲೆ, ಹನ್ನೊಂದು ವರ್ಷ ನಾನು ಯಂತ್ರದ ಮುಂದೆ ಕೂತಾಗ ಹೇಳುತ್ತಿದ್ದ ಅದೇ ಸಮದನಿಯಲ್ಲಿ, "ಬರ್ಕೋ" ಎಂದರು. ಬರೆದುಕೊಳ್ಳಲು ನನ್ನ ಬಳಿ ಕಾಗದವಿರಲಿಲ್ಲ. ಆದರೂ ನಿಂತು ಕೇಳಿದೆ. "ಕಾರಣ, ಅಜಾಗರೂಕತೆ. ಸವಕಳಿ, ಹತ್ತೊಂಬತ್ತು ವರ್ಷ." ಅಲ್ಲಿ ನಿಲ್ಲಿಸಿದರು. ಉಳಿಕೆ ಸಾರ್, ಎಂದೆ ನಾನು. ಹದಿನೇಳು ಚಿತ್ರಗಳಿವೆಯಲ್ಲ ಎಂದು ನನ್ನ ಮನಸ್ಸಿನಲ್ಲಿತ್ತು. ಅವರು ಫೋನನ್ನು ಭೂತಗನ್ನಡಿಯಿದ್ದ ಜೇಬಿಗೆ ಹಾಕಹೋಗಿ, ಗೀರಾದೀತೆಂದು ಬೇರೆ ಜೇಬಿಗೆ ಹಾಕಿದರು. "ಇಲ್ಲ. ಪೂರ್ತಿ ಅಂತ ಹಾಕು" ಎಂದರು.

ಇಂಥವರನ್ನು ಲೋಕ ಕಲ್ಲು ಎಂದು ಕರೆದು ಕೈತೊಳೆದುಕೊಳ್ಳುತ್ತದೆ. ಹನ್ನೊಂದು ವರ್ಷ ಅವರ ವಾಕ್ಯಗಳನ್ನು ಬೆರಳ ತುದಿಯಲ್ಲಿ ಹೊತ್ತ ನನಗೆ ಹಾಗೆನ್ನಲು ಮನಸ್ಸು ಒಪ್ಪುವುದಿಲ್ಲ. ಸುಳ್ಳು ಹೇಳಲಾರದವರ ಒಂದು ಜಾತಿ ಇದೆ. ಅವರಿಗೆ ಪ್ರೀತಿ ಇಲ್ಲವೆಂದಲ್ಲ, ಪ್ರೀತಿಗೂ ಅರ್ಜಿ ತುಂಬಬೇಕು, ಕರೆ ಬರಬೇಕು, ಷರತ್ತು ಪೂರೈಸಬೇಕು ಎಂದು ಅವರು ನಂಬಿರುತ್ತಾರೆ. ತಮ್ಮಂಥವನೇ ಒಬ್ಬ ನಾಳೆ ಕನ್ನಡಿ ಹಿಡಿದು ಬಂದಾನೆಂಬ ಭಯದಲ್ಲಿ ಇಂದಿನ ಬಾಗಿಲನ್ನು ತಟ್ಟದೆ ನಿಲ್ಲುತ್ತಾರೆ. ಪರರ ಮನೆಯ ಬೂದಿಯಲ್ಲಿ ಉಳಿಕೆ ಹುಡುಕಿ ಕೊಡುವ ಆ ಸೂಕ್ಷ್ಮವಾದ ಕಣ್ಣು ಸ್ವಂತ ಮನೆಗೆ ಉಪಯೋಗಕ್ಕೆ ಬರುವುದಿಲ್ಲ. ಅದಕ್ಕೆ ಅವರನ್ನು ದೂರಿ ಫಲವೇನು? ನಷ್ಟವಾದ ಮೇಲೆ ಹೋಗಿ ನೋಡುವುದು ಅವರ ಉದ್ಯೋಗ. ನಷ್ಟಕ್ಕೆ ಮುಂಚೆ ಯಾರ ಮನೆಗಾದರೂ ಹೋಗಬಹುದು ಎಂಬುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.